ಚುಚ್ಚುವ ಮೊದಲು ಹತ್ತು ನಿಮಿಷ

ಬೆಳಗಿನ ಐದು ಗಂಟೆ. ನವಜಾತ ಶಿಶುಗಳ ವಾರ್ಡಿನಲ್ಲಿ ಇರುವುದೊಂದೇ ಒರಗು ಕುರ್ಚಿ. ಅದರ ಪಕ್ಕದಲ್ಲಿ, ಪರೀಕ್ಷೆಗೆ ರಕ್ತ ತೆಗೆಯುವ ಅಕ್ಕ ಕೈಕಟ್ಟಿ ನಿಂತಿದ್ದಾರೆ. ಸೂಜಿ ಇನ್ನೂ ತಟ್ಟೆಯಲ್ಲೇ ಇದೆ. ಕುರ್ಚಿಯಲ್ಲಿ ಕೂತ ತಾಯಿಯ ಮಗಳು ದಿನ ತುಂಬುವ ಮೊದಲೇ ಹುಟ್ಟಿ ಆರು ದಿನ. ಈ ಆರು ದಿನದಲ್ಲಿ ತಾಯಿ ಮಗಳನ್ನು ಒಮ್ಮೆಯೂ ಎತ್ತಿಕೊಂಡಿಲ್ಲ, ಭಯ.

ಅಕ್ಕನ ಕ್ರಮವೇ ಬೇರೆ. ಮಗು ಬರಿಮೈಯಲ್ಲಿ ಅಮ್ಮನ ಬರಿ ಎದೆಯ ಮೇಲೆ ಹತ್ತು ನಿಮಿಷ ಮಲಗಬೇಕು, ಆಮೇಲೆ ಹಿಮ್ಮಡಿಗೆ ಸೂಜಿ.

"ನನ್ನ ಎದೆ ಮೇಲಿರುವಾಗ ಚುಚ್ಚಿದ್ರೆ, ಅಮ್ಮನೇ ನೋವು ಕೊಟ್ಟಳು ಅಂದ್ಕೊಳ್ಳಲ್ವಾ ಅಕ್ಕಾ?"

"ಅಯ್ಯೋ ತಾಯಿ, ಬೈಗುಳ ಎಲ್ಲಾ ನನಗಿರ್ಲಿ. ನೀವು ಬೆಚ್ಚಗೆ ಕೂತಿರಿ, ಸಾಕು."

ಅಕ್ಕನದು ಹತ್ತೊಂಬತ್ತು ವರ್ಷದ ಅನುಭವ, ದಿನಕ್ಕೆ ಹನ್ನೆರಡು ಮಕ್ಕಳು. ಎಂಟಕ್ಕೆ ಡಾಕ್ಟರ ಕೈಗೆ ವರದಿ ಸೇರಬೇಕು. ಪಾಳಿ ಶುರುವಾಗುವುದು ಆರೂವರೆಗೆ, ಇವರು ಬರುವುದು ಐದಕ್ಕೆ. ಯಾರೂ ಹೇಳಿದ್ದಲ್ಲ. ಜೊತೆಯವರು "ಹತ್ತು ನಿಮಿಷದ ಅಕ್ಕ" ಎಂದು ಛೇಡಿಸುತ್ತಾರೆ.

"ಮೊದಲು ನಾನೂ ಹೀಗಿರ್ಲಿಲ್ಲ. ನೋಡಿದ್ರೆ ಅಳ್ತಾರೆ ಅಂತ ತಾಯಂದಿರನ್ನ ಆಚೆ ಕಳಿಸ್ತಿದ್ದೆ. ದೊಡ್ಡ ಉಪಕಾರ ಮಾಡ್ತಿದೀನಿ ಅನ್ನೋ ಜಂಬ ಬೇರೆ!" ಆಮೇಲೆ ಅಕ್ಕನ ಮಗನೇ ಹುಟ್ಟಿದೊಡನೆ ಇದೇ ವಾರ್ಡಿಗೆ ಬಂದ. ಅವರದೇ ನಿಯಮ, ಅವರನ್ನೇ ಆಚೆ ನಿಲ್ಲಿಸಿದರು. "ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಹಾಗಾಯ್ತು. ಬಾಗಿಲಾಚೆ ಅವನ ಅಳು ಕೇಳ್ತಾ ನಿಂತಿದ್ದೆ. ಮಾರನೇ ದಿನ ಹಿರಿಯ ನರ್ಸ್ ಒಬ್ಬರು ಅವನನ್ನ ನನ್ನ ಎದೆ ಮೇಲಿಟ್ಟು ಚುಚ್ಚಿದ್ರು. ನೋವೇ ಆಗಲ್ಲ ಅಂತ ನಾನು ಸುಳ್ಳು ಹೇಳಲ್ಲ. ಆದ್ರೆ ಬೇಗ ಸಮಾಧಾನ ಆದ."

ಕೊನೆಗೂ ತಾಯಿ ಸೆರಗು ಸರಿಸುತ್ತಾರೆ. ಅಕ್ಕ ಮಗುವನ್ನು ಮಲಗಿಸಿ, ಬೆನ್ನ ಮೇಲೆ ಹೊದಿಕೆ ಎಳೆದು, ಗಡಿಯಾರ ನೋಡುತ್ತಾರೆ. ಮಗುವಿನ ಬಿಗಿದ ಮುಷ್ಟಿ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಹತ್ತು ನಿಮಿಷವಾದ ಮೇಲೆ ಸೂಜಿ ಕೈಗೆ ಬರುತ್ತದೆ. ಅಕ್ಕನ ಬಗ್ಗೆ ಬರೆಯಲೆಂದು ಬಂದ ನಾನು ಪುಕ್ಕಲು, ಗೋಡೆ ನೋಡುತ್ತೇನೆ.

ಒಂದು ಸಣ್ಣ ಕೀರಲು ಅಳು, ಅಷ್ಟೇ. ತಿರುಗಿ ನೋಡಿದರೆ ಮಗು ಅಮ್ಮನ ಎದೆಗೆ ಕೆನ್ನೆಯೊತ್ತಿ ಸುಮ್ಮನಾಗಿದೆ. ಅಳುತ್ತಿರುವುದು ತಾಯಿ.

"ನನ್ನನ್ನೇ ಹುಡುಕ್ತು ಅಕ್ಕಾ."

ಮುಂದಿನ ತಾಯಿ ಬಾಗಿಲಲ್ಲಿ ಕಾಯುತ್ತಿದ್ದಾರೆ. ಕುರ್ಚಿಯಲ್ಲಿರುವವರು ಏಳುವ ಲಕ್ಷಣವೇ ಇಲ್ಲ.

ನಿಮಗೇನು ಬೇಕು ಎಂದು ಅಕ್ಕನನ್ನು ಕೇಳುತ್ತೇನೆ.

"ಇನ್ನೊಂದು ಕುರ್ಚಿ," ಎನ್ನುತ್ತಾರೆ ದನಿ ತಗ್ಗಿಸಿ. "ಇವರನ್ನ ಈಗ ಏಳಿ ಅನ್ನೋಕೆ ನನ್ನ ಕೈಲಾಗಲ್ಲಪ್ಪ."