ಗುಳಿಗೆ ಬಚ್ಚಿಟ್ಟ ಮೂರು ದಿನ

ಕಾಕಾನ ಬಲಗೈಯ ಕೊನೆಯ ಎರಡು ಬೆರಳು ಒಳಕ್ಕೆ ಮಡಿಚಿಕೊಂಡೇ ಇರುತ್ತಿದ್ದವು. ಅಪ್ಪನ ತಮ್ಮ ಅವನು, ಬಸವನ ಬಾಗೇವಾಡಿಯ ಒಂದು ದವಾಖಾನೆಯಲ್ಲಿ ಕಂಪೌಂಡರ್. ಎಪ್ಪತ್ತರ ದಶಕದ ಆರಂಭದಲ್ಲಿ ಒಮ್ಮೆ ಲಕ್ವಾ ಹೊಡೆದು, ಅರ್ಧ ಮೈ ಸ್ವಾಧೀನ ತಪ್ಪಿ, ಎದ್ದಿದ್ದ. ಆ ಬೆರಳುಗಳನ್ನೇ ತೋರಿಸಿ ರೋಗಿಗಳಿಗೆ ಬುದ್ಧಿ ಹೇಳುತ್ತಿದ್ದ.

ಎಲ್ಲ ಸರಿಯಿದ್ದ ಕೊನೆಯ ದಿನ ನಾನು ಅವನಿಗೆ ಬುತ್ತಿ ಒಯ್ದಿದ್ದೆ. ಎರಡು ರೊಟ್ಟಿ, ಉಪ್ಪಿಲ್ಲದ ಪಲ್ಯ. ಕಾಕಾ ಬೆಂಚಿನ ಮೇಲೆ ನಿಡಗುಂದಿಯ ರೈತನೊಬ್ಬನ ಪಕ್ಕ ಕೂತಿದ್ದ.

“ಕೈ ಎತ್ತಾಕ ಬರ್ತೈತ್ರಿ. ಇನ್ನ ಗುಳಿಗಿ ಯಾಕ್ರಿ?” ಎಂದ ರೈತ.

“ಲಕ್ವಾ ಅಂದ್ರ ಬೀಗರಿದ್ದಂಗ, ಯಜಮಾನ್ರ. ಒಮ್ಮೆ ಮನಿ ದಾರಿ ಗೊತ್ತಾತಂದ್ರ ಮತ್ತ ಬರ್ತಾರ. ಬಾಗಲಾ ಹಾಕ್ಕೊಂಡ ಇರಬೇಕು. ಗುಳಿಗೀನ ಅದರ ಚಿಲಕ. ಬೀಡಿ ಎಲ್ಲೈತಿ? ತರ್ರಿ ಇಲ್ಲೆ.”

ಬೀಡಿಕಟ್ಟು ಕಸಿದು ಜೇಬಿಗೆ ಹಾಕಿಕೊಂಡ. ರೈತನ ಹೆಂಡತಿ ನಕ್ಕಳು.

“ನೀ ನಗಬ್ಯಾಡವ್ವಾ. ಉಪ್ಪಿನಕಾಯಿ ಗಡಗಿ ನಿನ್ನ ಕೈಯಾಗೈತಿ.”

ಅಂದು ಸಂಜೆ ಸಿಂದಗಿಯಿಂದ ನನ್ನನ್ನು ನೋಡಲು ಗಂಡಿನವರು ಬರುವವರಿದ್ದರು. ಮೂರು ದಿನ ಇದ್ದು ಮಾತುಕತೆ ಮುಗಿಸಿಯೇ ಹೋಗುವವರು. ಅವರು ಬರುವ ಮೊದಲೇ ಅಪ್ಪ, ಕಾಕಾ ದಿನಾ ನುಂಗುವ ಗುಳಿಗೆಯ ಬಾಟಲಿಯನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ.

“ಮನೆತನದಾಗ ಲಕ್ವಾ ಐತಿ ಅಂತ ಗೊತ್ತಾದ್ರ ಈಕಿನ್ನ ಯಾರು ಮಾಡ್ಕೋತಾರ? ಮೂರು ದಿನ ತಡಕೋ. ಬೆರಳಿಗೇನಾತು ಅಂತ ಕೇಳಿದ್ರ, ಬಾಗಲದಾಗ ಸಿಕ್ಕಿದ್ವು ಅನ್ನು.”

ಕಾಕಾ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಊರಿಗೆಲ್ಲ ಬುದ್ಧಿ ಹೇಳುವವನು ಅಣ್ಣನಿಗೆ ಎದುರಾಡಲಿಲ್ಲ. ಅಪ್ಪ ಅವನಿಗೆ ರಜೆ ಹಾಕಿಸಿ ಬಂದವರ ಪಂಕ್ತಿಯಲ್ಲಿ ಕೂರಿಸಿದ. ಯಾರಿಗೂ ಅನುಮಾನ ಬರಬಾರದೆಂದು ಕಾಕಾ ಉಪ್ಪಿನಕಾಯಿ, ಹಪ್ಪಳ ಎಲ್ಲವನ್ನೂ ತಿಂದ.

ನಾಲ್ಕನೆಯ ದಿನ ಬೆಳಿಗ್ಗೆ, ಅವರನ್ನು ಬಸ್ಸಿಗೆ ಕಳಿಸಲು ಹೊರಟವನು ಅಂಗಳದಲ್ಲೇ ಬಿದ್ದ. ಮತ್ತೆ ಮಾತಾಡಲಿಲ್ಲ. ಮಧ್ಯಾಹ್ನ ತೀರಿಕೊಂಡ.

ಗಂಡಿನ ತಾಯಿ ವಿಷಯ ತಿಳಿದು ಅಪ್ಪನಿಗೆ ಅಂದಳು: “ನಮ್ಮ ಮಾವಗೂ ಲಕ್ವಾ ಆಗಿತ್ರಿ. ಹೇಳಿದ್ರ ನಾವೇನ್ ಹುಡುಗಿನ್ನ ಬಿಟ್ ಹೋಗ್ತಿದ್ವೇನ್ರಿ?”

ಆ ಮನೆಗೇ ಸೊಸೆಯಾಗಿ ಹೋದೆ. ಅಪ್ಪ ಇಂದಿಗೂ ಜನರೆದುರು ದೇವರ ಇಚ್ಛೆ ಎನ್ನುತ್ತಾನೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಟ್ರಂಕಿಗೆ ಕೀಲಿ ಹಾಕಿದ್ದು ದೇವರಲ್ಲ, ಅಪ್ಪ. ಕೀಲಿಕೈ ಎಲ್ಲಿತ್ತೆಂದು ನನಗೆ ಗೊತ್ತಿತ್ತು.

ದವಾಖಾನೆಗೆ ಬೇರೆ ಕಂಪೌಂಡರ್ ಬಂದಿದ್ದಾರೆ. ಕಿಟಕಿಯಿಂದಲೇ ಗುಳಿಗೆ ಕೊಡುತ್ತಾರೆ. ಬೆಂಚಿನ ಮೇಲೆ ರೋಗಿಯ ಪಕ್ಕ ಈಗ ಯಾರೂ ಕೂರುವುದಿಲ್ಲ.