ಆ ಮೂರು ದಿನ ಕಾರು ಎಲ್ಲಿತ್ತು

ಗಂಡ ತೀರಿಕೊಂಡ ಮೇಲೆ ಅವರ ಡೀಸೆಲ್ ಕಾರನ್ನು ಮಾರಿಬಿಡು ಎಂದು ಹೇಳದವರಿಲ್ಲ. ನಾನು ಮಾರಲಿಲ್ಲ. ಐವತ್ತು ದಾಟಿದ ಮೇಲೆ ಓಡಿಸುವುದನ್ನು ಕಲಿತೆ. ಆಂಧ್ರದ ಆದೋನಿಯ ಮನೆಯಿಂದ ಹೊಳಗುಂದದ ಕಡೆ ನಾನು ಕಲಿಸುವ ಕನ್ನಡ ಶಾಲೆಗೆ ದಿನಾ ಅದರಲ್ಲೇ ಹೋಗಿ ಬರುತ್ತೇನೆ. ಜೊತೆಗೆ ನಮ್ಮ ಶಾಲೆಯ ವಿಜ್ಞಾನದ ಟೀಚರು ಇರುತ್ತಾರೆ.

ಹೋದ ವರ್ಷ ಹತ್ತಿ ಬಿಡಿಸುವ ಕಾಲಕ್ಕೆ ಕಾರು ಸರಿಯಾಗಿ ಎಳೆಯದಂತಾಯಿತು. ಹತ್ತಿ ತುಂಬಿದ ಲಾರಿಯನ್ನು ದಾಟೋಣವೆಂದು ಆಕ್ಸಿಲರೇಟರ್ ಒತ್ತಿದರೆ ಸದ್ದು ಹೆಚ್ಚುತ್ತಿತ್ತೇ ಹೊರತು ವೇಗ ಬರುತ್ತಿರಲಿಲ್ಲ. ಹಿಂದೆ ಕರಿ ಹೊಗೆ. ಇಂಜಿನ್ ಚಾಲೂ ಇಟ್ಟು ನಿಲ್ಲಿಸಿದರೆ ಸ್ಟೀರಿಂಗು ಗಡಗಡ ನಡುಗುತ್ತಿತ್ತು. ಒಂದು ಬೆಳಿಗ್ಗೆ ಮುಂದಿನ ಫಲಕದಲ್ಲಿ ಕಿತ್ತಳೆ ಬಣ್ಣದ ದೀಪ ಹತ್ತಿಕೊಂಡಿತು, ಆರಲೇ ಇಲ್ಲ. ಒಂಟಿ ಹೆಂಗಸು ಗಾಡಿ ತಂದರೆ ಮೆಕ್ಯಾನಿಕ್ಕುಗಳು ಇಲ್ಲದ ರೋಗ ಹೇಳುತ್ತಾರೆ, ಹಳೆಯದನ್ನೇ ತೊಳೆದು ಹೊಸದೆಂದು ಕೂಡಿಸುತ್ತಾರೆ ಎಂದು ಟೀಚರು ದಾರಿಯುದ್ದಕ್ಕೂ ಹೇಳಿದರು. ನನಗೂ ಅದನ್ನು ನಂಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತರಕಾರಿಯವಳ ತಕ್ಕಡಿಯನ್ನೂ ಎರಡು ಸಲ ನೋಡುವ ಸ್ವಭಾವ ನನ್ನದು.

ಶನಿವಾರ ಯಮ್ಮಿಗನೂರು ರಸ್ತೆಯ ಒಂದು ವರ್ಕ್‌ಶಾಪಿಗೆ ಹೋದೆ. ಮೆಕ್ಯಾನಿಕ್ ಅರವತ್ತರ ಆಸುಪಾಸಿನವನು, ಮಾತು ಕಡಿಮೆ. ಸ್ಟೀರಿಂಗಿನ ಕೆಳಗೆ ಒಂದು ವೈರು ಸಿಕ್ಕಿಸಿ, ಕೈಯಲ್ಲಿದ್ದ ಸಣ್ಣ ಪರದೆಯನ್ನು ನೋಡಿ, ಇಜಿಆರ್ ವಾಲ್ವ್ ಹೋಗಿದೆ ಎಂದ. ಇಂಜಿನ್ ಬಿಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಇಂಜಿನ್ನಿಗೇ ಕಳಿಸುವ ಬಾಗಿಲಿನಂಥದ್ದು ಅದು. ಮಸಿ ಕಟ್ಟಿ ಬಾಗಿಲು ತೆರೆದೇ ನಿಂತಿದೆ, ಅದಕ್ಕೇ ಉಸಿರು ಕಟ್ಟಿದಂತಾಗಿ ಗಾಡಿ ಎಳೆಯುತ್ತಿಲ್ಲ ಎಂದು ಬಿಡಿಸಿ ಹೇಳಿದ.

ಆ ಹೆಸರು ಕೇಳಿದ ಕೂಡಲೇ ಕಿವಿ ನೆಟ್ಟಗಾಯಿತು. ಅದಕ್ಕೂ ಒಂದೂವರೆ ವರ್ಷ ಮೊದಲೇ ಇದೇ ವಾಲ್ವನ್ನು ನಾನು ಬದಲಿಸಿದ್ದೆ. ನಾನಲ್ಲ, ನನ್ನ ಮೈದುನ. ಗಂಡನ ತಮ್ಮನಾದ ಅವನು ಆಸ್ಪರಿ ಹತ್ತಿರದ ಹಳ್ಳಿಯಲ್ಲಿ ಒಕ್ಕಲುತನ ಮಾಡುತ್ತಾನೆ, ಟ್ರ್ಯಾಕ್ಟರ್ ಓಡಿಸುವುದರಿಂದ ಗಾಡಿಗಳ ಕೆಲಸ ಬಲ್ಲವನೆಂದು ನಾನು ನಂಬಿದ್ದೆ. ಅವತ್ತು ಮನೆಗೆ ಬಂದವನು ಕಾರಿನ ಸದ್ದು ಕೇಳಿ, ಇಜಿಆರ್ ಕೆಟ್ಟಿದೆ, ಬಳ್ಳಾರಿಯಲ್ಲಿ ಹಾಕಿಸಿ ತರುತ್ತೇನೆ ಎಂದು ಒಯ್ದು, ಮೂರು ದಿನ ಬಿಟ್ಟು ತಂದುಕೊಟ್ಟಿದ್ದ. ದುಡ್ಡು ಕೊಡಲು ಹೋದರೆ, ಅಣ್ಣನ ಗಾಡಿ, ಇಷ್ಟೂ ಮಾಡಬಾರದೇ ಎಂದು ಕೈ ಮುಂದೆ ಮಾಡಲೇ ಇಲ್ಲ.

ಅದನ್ನು ಹೇಳಿದಾಗ ಮೆಕ್ಯಾನಿಕ್ ಬಾನೆಟ್ಟಿನೊಳಗೆ ಟಾರ್ಚು ಬಿಟ್ಟು ನನ್ನನ್ನು ಕರೆದ.

"ಇದು ಕಂಪನಿಯಿಂದ ಬಂದದ್ದೇ ಐತ್ರಿ ಮೇಡಂ. ಬೋಲ್ಟಿನ ಮ್ಯಾಲೆ ಹಳದಿ ಗೀಟು ನೋಡ್ರಿ. ಬಿಚ್ಚಿದ್ರ ಗೀಟು ಒಡೀತಿತ್ತು. ಯಾರೂ ಮುಟ್ಟಿಲ್ಲ."

ಹಳದಿ ಗೀಟು ಕಂಡಿತು. ಆದರೆ ಅದು ಕಂಪನಿಯ ಗೀಟೋ, ಇವನೇ ಈಗ ಹೇಳಿದ್ದಕ್ಕೆ ಗೀಟಿನಂತೆ ಕಾಣುತ್ತಿದೆಯೋ ನನಗೇನು ಗೊತ್ತು? ಮುಟ್ಟಬೇಡಿ ಎಂದು ಹೇಳಿ ಕಾರನ್ನು ಸಿರುಗುಪ್ಪ ರಸ್ತೆಯ ಇನ್ನೊಂದು ವರ್ಕ್‌ಶಾಪಿಗೆ ಒಯ್ದೆ. ಅಲ್ಲಿಯವನೂ ಅದೇ ವಾಲ್ವನ್ನು ಬೈದ. ಆದರೆ ಹೊಸದು ಯಾಕೆ, ನಡುವೆ ಒಂದು ತಗಡು ಕೂಡಿಸಿ ಹೊಗೆಯ ದಾರಿಯನ್ನೇ ಮುಚ್ಚಿಬಿಡುತ್ತೇನೆ ಎಂದ. ಅವನನ್ನು ನೋಡಿದ ಮೇಲೆ ಮೊದಲಿನವನೇ ವಾಸಿ ಅನ್ನಿಸಿತು. ಅಲ್ಲಿಂದಲೇ ಮೈದುನನಿಗೆ ಫೋನು ಮಾಡಿದೆ. ಹಾಕಿಸಿದ್ದು ನಿಜ, ಆ ಮೆಕ್ಯಾನಿಕ್ ಸುಳ್ಳು ಹೇಳುತ್ತಿದ್ದಾನೆ, ಗಾಡಿ ಅವನ ಕೈಗೆ ಕೊಡಬೇಡಿ ಎಂದು ಒಂದೇ ಉಸಿರಿನಲ್ಲಿ ಹೇಳಿದ. ಬಳ್ಳಾರಿಯಲ್ಲಿ ಯಾರ ಹತ್ತಿರ ಹಾಕಿಸಿದೆ ಎಂದರೆ, ಹೆಸರು ನೆನಪಿಲ್ಲ ಅಂದ. ಯಾವ ರಸ್ತೆ ಎಂದರೆ, ನೀರಿನ ಮೋಟರ್ ಚಾಲೂ ಮಾಡಬೇಕೆಂದು ಫೋನು ಇಟ್ಟುಬಿಟ್ಟ.

ಮನೆಗೆ ಬಂದು ಕಾರಿನ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿದ್ದ ಸಣ್ಣ ಪುಸ್ತಕ ತೆಗೆದೆ. ಡೀಸೆಲ್ ಹಾಕಿಸಿದಾಗೆಲ್ಲ ಕಿಲೋಮೀಟರು ಬರೆದಿಡುವುದು ನನ್ನ ಗಂಡನ ರೂಢಿ, ನಾನೂ ಬಿಟ್ಟಿಲ್ಲ. ಮೈದುನ ಒಯ್ಯುವ ಹಿಂದಿನ ದಿನ ಬರೆದದ್ದಿತ್ತು, ತಂದುಕೊಟ್ಟ ಮರುದಿನ ಬರೆದದ್ದೂ ಇತ್ತು. ಎರಡರ ನಡುವಿನ ಓಟದಲ್ಲಿ ಬಳ್ಳಾರಿಗೆ ಹೋಗಿ ಬರುವುದು ಹೇಗೂ ಸಾಧ್ಯವಿರಲಿಲ್ಲ. ಹೋಗಲಷ್ಟೇ ಸಾಕಾಗುವ ಓಟ, ವಾಪಸು ಬರಲಲ್ಲ.

ಅಲ್ಲಿಯವರೆಗೆ ಮೆಕ್ಯಾನಿಕ್ಕಿನ ಮೇಲಿದ್ದ ಅನುಮಾನ ಪೂರ್ತಿಯಾಗಿ ಮೈದುನನ ಮೇಲೆ ತಿರುಗಿತು. ಅದೇ ಕಷ್ಟವಾದದ್ದು. ದುಡ್ಡಿಗಾಗಿ ಮಾಡಿದ್ದರೆ ಅರ್ಥವಾಗುತ್ತಿತ್ತು, ಅವನು ದುಡ್ಡೇ ಮುಟ್ಟಿರಲಿಲ್ಲ. ಹಾಗಾದರೆ ಮೂರು ದಿನ ಕಾರು ಎಲ್ಲಿತ್ತು, ಯಾರು ಕೂತಿದ್ದರು? ಭಾನುವಾರವೆಲ್ಲ ಏನೇನೋ ಯೋಚಿಸಿದೆ. ಎಲ್ಲಿಯೋ ಯಾರಿಗೋ ತಾಗಿಸಿ ಮುಚ್ಚಿಟ್ಟಿದ್ದಾನೆಯೇ ಎಂದು ಕಾರಿನ ಬಂಪರನ್ನೂ ಬಾಗಿಲುಗಳನ್ನೂ ಬೆರಳಿನಿಂದ ಸವರಿ ನೋಡಿದೆ. ಇದ್ದ ಗೀರುಗಳೆಲ್ಲ ನನ್ನವೇ.

ಸೋಮವಾರ ರಜೆ ಹಾಕಿ ಕಾರನ್ನು ಮೊದಲಿನವನಿಗೇ ಒಪ್ಪಿಸಿ, ಹೊಸ ವಾಲ್ವ್ ತರಿಸಲು ಹೇಳಿದೆ. ಎರಡು ದಿನಕ್ಕೆ ಕರ್ನೂಲಿನಿಂದ ಬಸ್ಸಿನ ಪಾರ್ಸಲ್ಲಿನಲ್ಲಿ ಬಂತು. ಅವತ್ತು ಮೈದುನ ಹತ್ತಿಯ ಚೀಲಗಳೊಂದಿಗೆ ಬಾಡಿಗೆ ಲಾರಿಯಲ್ಲಿ ಆದೋನಿ ಮಾರ್ಕೆಟ್ ಯಾರ್ಡಿಗೆ ಬರುವವನಿದ್ದ. ಕೆಲಸ ಮುಗಿಸಿ ವರ್ಕ್‌ಶಾಪಿಗೆ ಬಾ, ನನಗೆ ಇವೆಲ್ಲ ತಿಳಿಯುವುದಿಲ್ಲ ಎಂದು ಕರೆದೆ. ಇಬ್ಬರನ್ನೂ ಎದುರುಬದುರು ನಿಲ್ಲಿಸಬೇಕೆಂಬುದೇ ನನ್ನ ಲೆಕ್ಕವಾಗಿತ್ತು. ಈಗ ಹೇಳಲು ನಾಚಿಕೆಯಾಗುತ್ತದೆ.

ಸ್ಟೂಲು ಹಾಕಿಕೊಂಡು ಮೆಕ್ಯಾನಿಕ್ಕಿನ ಕೈ ನೋಡುತ್ತಾ ಕೂತೆ. ಬ್ಯಾಟರಿಯ ವೈರು ತೆಗೆದು, ಪೈಪು ಸಡಿಲಿಸಿ, ಹಳದಿ ಗೀಟಿನ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿದ. ಹೊರಬಂದ ವಾಲ್ವಿನ ಬಾಯಿಯಲ್ಲಿ ಮಸಿ ಹಸಿ ಕಾಡಿಗೆಯ ಹಾಗೆ ಮೆತ್ತಿಕೊಂಡಿತ್ತು. ಅವನು ಚಹಾ ಕುಡಿಯಲು ರಸ್ತೆಯಾಚೆ ಹೋದಾಗ ನಾನು ಬ್ಯಾಗಿನಿಂದ ವೈಟ್ನರ್ ತೆಗೆದು, ಹಳೇ ವಾಲ್ವಿನ ಮೈಮೇಲೆ ಸಣ್ಣದೊಂದು ಬೊಟ್ಟು ಇಟ್ಟೆ. ಇದನ್ನೇ ತೊಳೆದು ಕೂಡಿಸಿದರೆ ಗೊತ್ತಾಗಲಿ ಎಂದು. ಅವನು ಬಂದು ಬೊಟ್ಟು ನೋಡಿದ. ಸಿಟ್ಟಾಗಲಿಲ್ಲ. ಹಳೆಯದನ್ನು ಒರೆಸಿ, ಅದರ ಮೇಲೆ ಒತ್ತಿದ್ದ ವರ್ಷವನ್ನು ನನಗೆ ತೋರಿಸಿದ. ಅದು ನನ್ನ ಗಂಡ ಕಾರು ಕೊಂಡ ವರ್ಷ.

ಅಷ್ಟರಲ್ಲಿ ಮೈದುನ ಬಂದ. ಹಳೇ ವಾಲ್ವ್ ಅವನ ಕೈಗೆ ಕೊಟ್ಟು, ವರ್ಷ ಓದು ಎಂದೆ. ಅವನು ಓದಲಿಲ್ಲ. ಕೈಗೆ ಹತ್ತಿದ ಮಸಿಯನ್ನು ನೋಡುತ್ತಾ ನಿಂತ.

"ಅತ್ತಿಗಿ, ನಾನು ವಾಲ್ವ್ ಹಾಕ್ಸಿಲ್ಲ. ಬಳ್ಳಾರಿಗೂ ಹೋಗಿಲ್ಲ."

"ಮತ್ತ ಮೂರು ದಿನ ಕಾರು ಎಲ್ಲಿತ್ತು?"

"ನಮ್ಮ ಮನಿ ಮುಂದ."

ಮೆಕ್ಯಾನಿಕ್ ನಮ್ಮ ಕಡೆ ಬೆನ್ನು ಮಾಡಿ, ವಾಲ್ವ್ ಕೂರುವ ಜಾಗದಲ್ಲಿ ಸೋರದಂತೆ ಹಾಕಿದ್ದ ಹಳೇ ಪ್ಯಾಕಿಂಗನ್ನು ಕೆರೆಯತೊಡಗಿದ. ಮೈದುನ ತಗ್ಗಿದ ದನಿಯಲ್ಲಿ ಎಲ್ಲ ಹೇಳಿದ. ಅವನ ಮಗಳನ್ನು ನೋಡಲು ಗುಂತಕಲ್ಲಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಅವರನ್ನು ಆಸ್ಪರಿ ಸ್ಟೇಷನ್ನಿನಿಂದ ಟ್ರ್ಯಾಕ್ಟರಿನಲ್ಲಿ ಕರೆತರಲು ಅವನಿಗೆ ಮನಸ್ಸಾಗಲಿಲ್ಲ. ಕಾರಿನಲ್ಲಿ ಕರೆತಂದ, ಕಾರಿನಲ್ಲೇ ಕಳಿಸಿಕೊಟ್ಟ, ಉಳಿದ ಹೊತ್ತು ಅದು ಬಾಗಿಲ ಮುಂದೆ ನಿಂತಿತ್ತು. ಕಾರು ನಿಮ್ಮದಾ ಎಂದು ಅವರು ಕೇಳಲಿಲ್ಲ, ಅಲ್ಲ ಎಂದು ಇವನೂ ಹೇಳಲಿಲ್ಲ. ವಾಲ್ವಿನ ಹೆಸರು ಊರಿನ ಜೀಪ್ ಡ್ರೈವರ್ ಒಬ್ಬನಿಂದ ಕೇಳಿದ್ದನಂತೆ. ನನಗೆ ತಿಳಿಯದ ಹೆಸರೇ ಬೇಕಾಗಿತ್ತಂತೆ.

ಆ ಸಂಬಂಧವೇ ಕೂಡಿಬಂದು ಮದುವೆಯಾದ ದಿನ ಹುಡುಗನ ತಾಯಿ ನನ್ನನ್ನು ತೆಲುಗಿನಲ್ಲಿ, ಮೈದುನನ ಕಾರಿನಲ್ಲೇ ಬಂದಿರಾ ಎಂದು ಕೇಳಿದ್ದು ಆಗ ನೆನಪಾಯಿತು. ಗದ್ದಲದಲ್ಲಿ ಏನೋ ತಪ್ಪಾಗಿ ಕೇಳಿಸಿಕೊಂಡೆ ಅಂದುಕೊಂಡು ತಲೆಯಾಡಿಸಿದ್ದೆ.

"ಕೇಳಿದ್ರ ನಾನು ಕೊಡ್ತಿದ್ದಿಲ್ಲೇನು?" ಅಂದೆ.

"ಕೊಡ್ತಿದ್ರಿ. ಆದ್ರ ಹುಡುಗ ಯಾರು, ಏನ್ ಮಾಡ್ತಾನ ಅಂತ ಗುಂತಕಲ್ಲಿನ್ಯಾಗ ಹತ್ತು ಮಂದೀನ ವಿಚಾರಸ್ತಿದ್ರಿ. ಅದು ಅವ್ರ ಕಿವಿಗೆ ಬಿದ್ರ ಮಾತು ಮುರೀತಿತ್ತು. ನನಗ ಅದಾ ಅಂಜಿಕಿ."

ವಿಚಾರಿಸುತ್ತಿದ್ದೆ ಎಂಬುದು ನನಗೂ ಗೊತ್ತಿತ್ತು. ಸುಳ್ಳು ಹೇಳಿದ್ದಕ್ಕೆ ಬಂದ ಸಿಟ್ಟು ಎಲ್ಲಿಯೂ ಹೋಗಲಿಲ್ಲ, ಆದರೆ ಅದರ ಜೊತೆಗೆ ಬೇರೆ ಏನೋ ಸೇರಿಕೊಂಡಿತು. ಮನೆಯವರೇ ನನಗೆ ಹೆದರಿ ಮಾತು ಮುಚ್ಚಿಡುವಷ್ಟು ಅನುಮಾನದವಳಾಗಿದ್ದೇನೆಯೇ ಎಂದು.

ಹೊಸ ಪ್ಯಾಕಿಂಗ್ ಇಟ್ಟು, ಹೊಸ ವಾಲ್ವ್ ಕೂಡಿಸಿ ಬೋಲ್ಟು ಬಿಗಿದಾಯಿತು. ಮೆಕ್ಯಾನಿಕ್ ಮತ್ತೆ ವೈರು ಸಿಕ್ಕಿಸಿ ಆ ಕಿತ್ತಳೆ ದೀಪ ಆರಿಸಿದ. ಇಂಜಿನ್ ನಿಂತಲ್ಲೇ ನಡುಗದೆ ಓಡಿತು. ನಾನು ಅವನಿಗೆ ತಪ್ಪಾಯಿತು ಎಂದು ಹೇಳಬೇಕೆಂದುಕೊಂಡೆ, ದುಡ್ಡು ಎಣಿಸಿ ಕೊಟ್ಟೆ ಅಷ್ಟೇ. ಅವನೇ ಒಂದು ಮಾತು ಹೇಳಿದ. "ನೀವು ಭಾಳ ಮೆಲ್ಲಕ ನಡಸ್ತೀರಿ ಮೇಡಂ, ಅದಕ್ಕ ಮಸಿ ಕಟ್ಟತೈತಿ. ವಾರಕ್ಕೊಮ್ಮೆ ದೂರ ಹೋಗಿ ಜೋರು ಓಡಸ್ರಿ."

ಮೈದುನ ಬಸ್ಸಿಗೆ ಹೋಗುತ್ತೇನೆ ಎಂದ. ಕಾರು ಹತ್ತು ಎಂದೆ. ಆಸ್ಪರಿ ರಸ್ತೆಯಲ್ಲಿ ಎಂದೂ ಓಡಿಸದಷ್ಟು ಜೋರಾಗಿ ಓಡಿಸಿದೆ. ಏರಿನಲ್ಲಿ ಕಾರು ಸರಾಗವಾಗಿ ಎಳೆಯಿತು. ಆದರೂ ಹೊಗೆ ಬರುತ್ತಿದೆಯೇ ಎಂದು ಕನ್ನಡಿ ನೋಡುತ್ತಲೇ ಇದ್ದೆ. ಅವನು ಮಸಿ ಹತ್ತಿದ ಕೈಯನ್ನು ಸೀಟಿಗೆ ತಾಗದಂತೆ ಮಡಿಲಲ್ಲಿ ಇಟ್ಟುಕೊಂಡಿದ್ದ.

ಊರು ಮುಟ್ಟಿದಾಗ ಅವನ ಹೆಂಡತಿ ಅಂಗಳದಲ್ಲಿ ಶೇಂಗಾ ಒಣಹಾಕುತ್ತಿದ್ದಳು. ಕಾರಿನಿಂದ ನಾವಿಬ್ಬರೂ ಇಳಿಯುವುದನ್ನು ನೋಡಿದಳು. ಮೊದಲು ಗಂಡನ ಮುಖ, ಆಮೇಲೆ ನನ್ನದು. ಅವಳಿಗೆ ತಿಳಿದುಹೋಯಿತು. ಕೈ ಒರೆಸಿಕೊಂಡು ಒಳಗೆ ಹೋಗಿ ಒಂದು ತಂಬಿಗೆ ನೀರು ತಂದಳು, ಕೊಡುವಾಗ ತಲೆ ಎತ್ತಲಿಲ್ಲ. ನಾನು ನೀರು ಕುಡಿದು, ಮಗಳು ಹೇಗಿದ್ದಾಳೆ ಎಂದು ಕೇಳಿದೆ.

"ಆರಾಮ ಅದಾಳ್ರಿ ಅಕ್ಕಾ," ಅಂದಳು. "ಐದು ತಿಂಗಳ ಬಸರಿ ಆಕಿ. ಅತ್ತಿ ಭಾಳ ಚಲೋ ನೋಡಿಕೊಳ್ತಾಳಂತ."

ಚಲೋ ಆತು ಎಂದು ನಾನು ಕಟ್ಟೆಯ ಮೇಲೆ ಕೂತೆ. ಅವಳು ಚಹಾಕ್ಕಿಡಲು ಒಳಗೆ ಹೋದಳು. ಮೈದುನ ಅಂಗಳದ ಮೂಲೆಯಲ್ಲಿ ಬಹಳ ಹೊತ್ತು ಕೈ ತೊಳೆದುಕೊಂಡ.