ಟರ್ಬೈನಿನ ಎದುರು ನೀಲವ್ವನ ಗಿರಣಿ

ನೀರು ಕುದಿಸಿ ಹಬೆ ಮಾಡುವುದು, ಹಬೆಯಿಂದ ಕರೆಂಟು ಮಾಡುವುದು, ಆ ಕರೆಂಟಿನಿಂದ ಮತ್ತೆ ನೀರು ಕುದಿಸುವುದು! ಇಂಥ ಜಾಣತನ ನೀವೆಲ್ಲಾದರೂ ಕಂಡಿದ್ದೀರಾ? ನಾನು ಕಂಡೆ. ಮೊನ್ನೆ ಮಂಗಳವಾರ, ನಮ್ಮ ವಿಜಾಪುರದ ಪವರ್‌ಹೌಸಿನಲ್ಲಿ.

ಅಲ್ಲಿ ಹೊಸ ಟರ್ಬೈನಿನ ಪರೀಕ್ಷೆ. (ಹೊಸದೆಂದರೆ ನಮಗೆ ಹೊಸದು. ಯುದ್ಧ ಮುಗಿದ ಮೇಲೆ ಎಲ್ಲಿಂದಲೋ ಬಿಚ್ಚಿ ತಂದದ್ದು.) ಹೇಳಿದಷ್ಟು ಹಬೆಯಲ್ಲಿ ಹೇಳಿದಷ್ಟು ಕರೆಂಟು ಕೊಟ್ಟರೆ ಪಾಸು, ನಮ್ಮ ಜೋರಾಪುರ ಪೇಟೆಗೆ ತಂತಿ ಬರುತ್ತದೆ. ನಪಾಸಾದರೆ ಯಂತ್ರ ವಾಪಸ್ಸು, ನಮ್ಮ ಪೇಟೆಗೆ ಅದೇ ಕಂದೀಲು.

ಆದರೆ ಹಗಲಿನಲ್ಲಿ ಅಷ್ಟು ಕರೆಂಟು ತಿನ್ನುವವರು ಊರಲ್ಲಿ ಯಾರಿದ್ದಾರೆ? ಅದಕ್ಕೇ ದೊಡ್ಡ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ, ಕಬ್ಬಿಣದ ತಗಡು ಇಳಿಬಿಟ್ಟು, ಕರೆಂಟನ್ನೆಲ್ಲ ಅದಕ್ಕೇ ಉಣಿಸುತ್ತಿದ್ದರು. ನೀರು ಕೊತಕೊತ ಕುದಿಯುತ್ತಿತ್ತು.

ನನ್ನದೋ ಕಾಲೇಜಿನ ಚರ್ಚಾಕೂಟದಲ್ಲಿ ಪಳಗಿದ ನಾಲಗೆ. ಸುಮ್ಮನಿದ್ದೀತೇ?

"ಸಾಹೇಬ್ರ, ಉಪ್ಪುನೀರು ನಿಮಗ ಬೇಕಾದ ಸಾಕ್ಷಿನ ಹೇಳ್ತೈತಿ" ಎಂದೆ.

ಇಂಜಿನಿಯರ್ ಸಾಹೇಬರು ಬೆವರು ಒರೆಸಿಕೊಂಡರು. "ಟರ್ಬೈನಿನಿಂದ ಹೊರಗ ಬಂದ ಹಬೆ ತಣಿಸಿ, ನೀರು ಮಾಡಿ, ತಕ್ಕಡಿಯೊಳಗ ತೂಗಾಕತ್ತೇವಿ. ತಕ್ಕಡಿಗೂ ಲಂಚ ಕೊಟ್ಟೇವೇನ್ರಿ?"

"ತೂಕ ಖರೇನ ಇರಲಿ. ಊರು ತೊಟ್ಟಿಯಂಗ ಸುಮ್ನ ಕುಂದರತೈತೇನ್ರಿ? ಒಮ್ಮಿಗಿಲೆ ಗಿರಣಿ ಚಾಲೂ ಮಾಡ್ತೈತಿ, ಒಮ್ಮಿಗಿಲೆ ಬಂದ್ ಮಾಡ್ತೈತಿ. ಆಗೇನು ಮಾಡ್ತೀರಿ?"

"ಹಂಗಾದ್ರ ಒಂದು ಗಿರಣಿ ತರ್ರಿ, ನೋಡೋಣು" ಎಂದು ನಕ್ಕರು. ಬಾಯಿ ಮುಚ್ಚಿಸುವ ಮಾತು ಅದು.

"ತರ್ತೇನಿ!" ಎಂದಿತು ಬಾಗಿಲಲ್ಲಿ ನೆರೆದ ಮಂದಿಯೊಳಗಿಂದ ಒಂದು ದನಿ.

ನಮ್ಮ ಪಕ್ಕದ ಮನೆಯ ನೀಲವ್ವ ಚಿಗವ್ವ! ಗಂಡ ಹೋದಂದಿನಿಂದ ಮಂದಿಯ ಜೋಳ ಬೀಸುಕಲ್ಲಿನಲ್ಲಿ ಬೀಸಿ ಮನೆ ನಡೆಸಿದವಳು. ರಟ್ಟೆ ಸೋತವೆಂದು ಕೈಯ ಬಂಗಾರದ ಬಿಲ್ವಾರ ಮಾರಿ ಸೊಲ್ಲಾಪುರದಿಂದ ಕರೆಂಟಿನ ಗಿರಣಿ ತರಿಸಿದಳು. ಗಿರಣಿ ಬಂತು, ಕರೆಂಟು ಬರಲಿಲ್ಲ. ಪಡಸಾಲೆಯಲ್ಲಿ ಅದರ ಮೇಲೆ ಬೆಕ್ಕು ಮರಿ ಹಾಕಿತು.

ನಾನು ಓಡಿಹೋಗಿ ಪಿಸುಗುಟ್ಟಿದೆ. "ಚಿಗವ್ವ, ಮೋಟರ್ ಸುಟ್ಟರ ಏನು ಮಾಡ್ತಿಬೇ?"

"ಲೇ ಮಲ್ಲ್ಯಾ, ಪ್ರಶ್ನೆ ನಿಂದು, ಗಿರಣಿ ನಂದು. ನೀ ಯಾಕ ಬೆವರ್ತಿ?"

(ಪ್ರಿಯ ಓದುಗರೇ, ಈಗ ಬೆವರು ಒರೆಸಿಕೊಳ್ಳುವ ಸರದಿ ನನ್ನದು.)

ಮಧ್ಯಾಹ್ನ ತೂಕದ ಲೆಕ್ಕವೆಲ್ಲ ಸರಿಬಂದ ಮೇಲೆ, ಎತ್ತಿನ ಗಾಡಿಯಲ್ಲಿ ಗಿರಣಿ ಬಂತು, ಜೊತೆಗೆ ಬಬಲೇಶ್ವರದ ಬಿಳಿಜೋಳದ ಚೀಲ. ತಂತಿ ಕೂಡಿಸಿದರು. ಗಿರಣಿ ಗುರ್ರೆಂದಿತು. ನಾನು ಮೇಲಿನ ಬಲ್ಬನ್ನೇ ನೋಡುತ್ತಿದ್ದೆ. ಬೆಳಕು ಕದಲಲಿಲ್ಲ.

"ಒಂದು ಗಿರಣಿ ಅಂದ್ರ ಇದಕ್ಕ ನೊಣ ಕುಂತಂಗ್ರಿ" ಎಂದರು ಸಾಹೇಬರು. "ನಿಮ್ಮ ಪ್ರಶ್ನೆಗೆ ಉತ್ತರ ಈಗ ನೋಡ್ರಿ." ತೊಟ್ಟಿಯ ತಗಡುಗಳನ್ನೆಲ್ಲ ಒಮ್ಮೆಗೇ ಮೇಲೆತ್ತಿಸಿದರು. ಹೊತ್ತ ಭಾರ ಕಳಚಿದ್ದೇ ಟರ್ಬೈನಿನ ಸದ್ದು ಏರಿತು, ಊಳಿಟ್ಟಂತೆ. ಬಲ್ಬು ಕಣ್ಣು ಕುಕ್ಕಿತು. ಎಲ್ಲರೂ ಹಿಂದೆ ಸರಿದೆವು. (ಸಾಹೇಬರೂ!) ಹಬೆಯ ಕವಾಟ ತಾನಾಗಿ ಇಳಿದು ಹಬೆ ತಗ್ಗಿಸಿತು. ಸದ್ದು ಮೆಲ್ಲಗೆ ಮೊದಲಿನ ಶ್ರುತಿಗೆ ಬಂತು.

ಸರಿಯದೆ ನಿಂತವಳು ನೀಲವ್ವ ಒಬ್ಬಳೇ. ಬೀಳುತ್ತಿದ್ದ ಹಿಟ್ಟಿಗೆ ಅಂಗೈ ಒಡ್ಡಿ, ಬೆರಳಲ್ಲಿ ತಿಕ್ಕಿ ನೋಡಿದಳು.

"ಇನ್ನೊಂಚೂರು ಸಣ್ಣಗ ಬರಬೇಕು" ಎಂದಳು. ಕಣ್ಣು ಮಾತ್ರ ತುಂಬಿದ್ದವು. ನನ್ನತ್ತ ತಿರುಗಿ, "ಏನಲೇ, ಇನ್ನೂ ತಕರಾರು ಐತೇನು?"

ಟರ್ಬೈನ್ ಪಾಸು. ಹಾಗಾದರೆ ನಾನು ಸೋತೆನೇ? ಖಂಡಿತ ಇಲ್ಲ! ನಾನು ಕೇಳದಿದ್ದರೆ ತೊಟ್ಟಿಯ ಮಾತನ್ನಷ್ಟೇ ನಂಬಬೇಕಿತ್ತು. ಅವಳು ಗಿರಣಿ ತರದಿದ್ದರೆ ನನ್ನ ಮಾತನ್ನಷ್ಟೇ ಕೇಳಬೇಕಿತ್ತು.

ಪೇಟೆಯಲ್ಲಿ ಕಂಬದ ಗುಂಡಿ ತೋಡುತ್ತಿದ್ದಾರೆ. ಸಂತೋಷ. ಆದರೂ ನನ್ನದೊಂದು ತಕರಾರು ಉಳಿದಿದೆ: ನೀಲವ್ವನ ಬಾಗಿಲ ಮುಂದೆ ಇನ್ನೂ ಯಾಕೆ ತೋಡಿಲ್ಲ?